ಹೌಸಿಂಗ್ ಹೋದ ಮಳೆಗಾಲ

ನಮ್ಮ ಕಡೆ ಹಳೆ ಜೀಪು ಕೊಳ್ಳಲು ಹೋದವರು ಎಂಜಿನ್ ವಿಚಾರ ಆಮೇಲೆ ಕೇಳುತ್ತಿದ್ದರು. ಮೊದಲು ಕೇಳುತ್ತಿದ್ದದ್ದು ‘ಹೌಸಿಂಗ್ ಹೆಂಗಿದೆ?’ ಎಂದು. ಹಿಂದಿನ ಎರಡು ಗಾಲಿಗಳ ನಡುವೆ ಉಬ್ಬಿಕೊಂಡಿರುವ ಕಬ್ಬಿಣದ ಗುಂಡು ನೀವು ನೋಡಿರಬಹುದು. ಅದೇ ಹೌಸಿಂಗ್, ಡಿಫರೆನ್ಷಿಯಲ್ ಇರುವುದು ಅದರೊಳಗೆ. ಎಂಜಿನ್ ಕೆಟ್ಟರೆ ಜೀಪು ಬೆಳಿಗ್ಗೆ ಮನೆಯಂಗಳದಲ್ಲೇ ಹಟ ಹಿಡಿದು ನಿಂತುಬಿಡುತ್ತಿತ್ತು, ಯಾರಿಗೂ ಅಂಥ ತೊಂದರೆಯಿಲ್ಲ. ಡಿಫರೆನ್ಷಿಯಲ್ ಮಾತ್ರ ಭಾರ ಹೇರಿ ಏರು ಹತ್ತುವಾಗಲೇ ಮುರಿಯುತ್ತಿತ್ತು. ಅದೂ ಮಳೆಗಾಲದಲ್ಲಿ, ಕತ್ತಲಾಗುವ ಹೊತ್ತಿಗೆ.

ನಮ್ಮ ಮನೆ ಕಳಸದಿಂದ ಸಂಸೆಯ ದಿಕ್ಕಿಗೆ ಹೋಗುವಾಗ ಸಿಗುವ ಒಂದು ಗುಡ್ಡದ ಮೇಲಿತ್ತು. ಕಳಸ ಆಗ ಮೂಡಿಗೆರೆ ತಾಲ್ಲೂಕಿಗೆ ಸೇರಿತ್ತು. ಡಾಂಬರು ಬಿಟ್ಟ ಮೇಲೆ ಎರಡು ಮೈಲಿ ಮಣ್ಣಿನ ದಾರಿ, ನಡುವೆ ಒಂದು ಹಳ್ಳ, ಹಳ್ಳ ದಾಟಿದ ಕೂಡಲೇ ಏರು. 1972ರಲ್ಲಿ ಅಪ್ಪಯ್ಯ ಬಾಳೆಹೊನ್ನೂರಿನ ಕಡೆಯ ತೋಟದವರೊಬ್ಬರಿಂದ ಮಹೀಂದ್ರಾ ಸಿಜೆ-3ಬಿ ಜೀಪನ್ನು 8,500 ರೂಪಾಯಿಗೆ ಕೊಂಡಿದ್ದರು. ವಿನ್ಯಾಸ ಅಮೆರಿಕದ ವಿಲ್ಲಿಸ್ ಕಂಪನಿಯದು, ತಯಾರಿಕೆ ಮಹೀಂದ್ರಾದವರದು. ಎಂಜಿನ್ ಎತ್ತರವಾದ್ದರಿಂದ ಬಾನೆಟ್ಟೂ ಎತ್ತರ. ಆಳು ಗಿಡ್ಡಗಿದ್ದ ಚಿಕ್ಕಪ್ಪ ಸೀಟಿನ ಮೇಲೆ ಕಂಬಳಿ ಮಡಿಸಿ ಹಾಕಿಕೊಂಡು ಓಡಿಸುತ್ತಿದ್ದರು. ಲೀಟರಿಗೆ ಆರೇಳು ಕಿಲೋಮೀಟರು ಓಡಿದರೆ ಅದೇ ಹೆಚ್ಚು. ಪೆಟ್ರೋಲು ಲೀಟರಿಗೆ ಐದು ರೂಪಾಯಿ ಮೀರಿದಾಗ ಅಪ್ಪಯ್ಯ ಜಗಲಿಯಲ್ಲಿ ಕೂತು ಲೆಕ್ಕ ಹಾಕಿ, ಇನ್ನು ವಾರಕ್ಕೆ ಎರಡೇ ಸಲ ಪೇಟೆ ಎಂದು ಗೊತ್ತುಮಾಡಿದರು.

ಆ ಜೀಪಿನ ವಾಸನೆ ನನಗೆ ಈಗಲೂ ಗೊತ್ತು. ಪೆಟ್ರೋಲು, ಒದ್ದೆ ಗೋಣಿತಾಟು, ಒಣಮೀನು, ಮುಗ್ಗು ಹಿಡಿದ ಟಾರ್ಪಾಲು ಎಲ್ಲ ಸೇರಿದ ವಾಸನೆ ಅದು. ಆಳುಗಳ ಪಡಿ ಅಕ್ಕಿ, ಗೊಬ್ಬರದ ಚೀಲ, ಹೆರಿಗೆಗೆ ಹೊರಟ ಹೆಂಗಸರು, ಶಾಲೆಗೆ ಹೋಗುವ ನಾವು, ಎಲ್ಲರಿಗೂ ಅದೇ ಜೀಪು. ಕುಯ್ಲು ಮುಗಿದ ಮೇಲೆ ಕಾಫಿಯ ಮೂಟೆಗಳೂ ಅದರಲ್ಲೇ ಡಾಂಬರು ರಸ್ತೆ ಮುಟ್ಟಬೇಕಿತ್ತು. ಬೆಳೆದ ಕಾಫಿಯನ್ನು ಮನಸ್ಸಿಗೆ ಬಂದವರಿಗೆ ಮಾರುವ ಹಾಗಿರಲಿಲ್ಲ, ಕಾಫಿ ಬೋರ್ಡಿನ ಪೂಲಿಗೆ ಕೊಡಬೇಕಿತ್ತು. ಲಾರಿ ಬರುವ ದಿನ ಜೀಪು ನಿಂತರೆ ಮನೆಯ ಲೆಕ್ಕವೆಲ್ಲ ಬುಡಮೇಲು.

ಡಿಫರೆನ್ಷಿಯಲ್ ಎಂದರೇನು ಎಂದು ಅಪ್ಪಯ್ಯ ನನಗೆ ತೋರಿಸಿದ್ದು ಕಣದಲ್ಲಿ. ಬತ್ತ ತುಳಿಸಲು ಮೇಟಿಗೆ ಎತ್ತುಗಳನ್ನು ಸಾಲಾಗಿ ಕಟ್ಟಿ ಸುತ್ತು ಹೊಡೆಯುತ್ತಿದ್ದರು. ಮೇಟಿಯ ಪಕ್ಕದ ಎತ್ತು ನಿಂತಲ್ಲೇ ಹೆಜ್ಜೆ ಕಿತ್ತಿಡುತ್ತಿತ್ತು, ಹೊರಗಿನದು ದಾಪುಗಾಲು ಹಾಕಬೇಕಿತ್ತು. ‘ಎರಡೂ ಒಂದೇ ಸಮ ನಡೀಬೇಕು ಅಂದ್ರೆ ಹಗ್ಗ ಹರೀತದೆ, ಇಲ್ಲ ಎತ್ತು ಮುಗ್ಗರಿಸ್ತದೆ. ಜೀಪು ತಿರುವಿನಲ್ಲಿ ಹೋಗುವಾಗ್ಲೂ ಒಳಗಿನ ಗಾಲಿ ನಿಧಾನ, ಹೊರಗಿನ ಗಾಲಿ ಜೋರು. ಎರಡಕ್ಕೂ ಅದರದರ ನಡಿಗೆ ಬಿಟ್ಟುಕೊಡೋದೇ ಅದರ ಕೆಲಸ’ ಎಂದಿದ್ದರು. ಅದರ ಕೆಟ್ಟ ಗುಣವನ್ನೂ ಅವರೇ ಹೇಳಿದ್ದರು. ಒಂದು ಗಾಲಿ ಕೆಸರಿನಲ್ಲಿ ಜಾರಿದರೆ ತಿರುಗುವುದೆಲ್ಲ ಅದೇ, ಗಟ್ಟಿ ನೆಲ ಸಿಕ್ಕಿದ ಗಾಲಿ ಸುಮ್ಮನೆ ನಿಂತಿರುತ್ತದೆ. ಫ್ರಾನ್ಸಿನ ಒನೆಸಿಫೋರ್ ಪೆಕರ್ ಎಂಬಾತ ಉಗಿಬಂಡಿಗಾಗಿ 1820ರ ದಶಕದಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ ಎಂಬುದನ್ನು ನಾನು ಓದಿದ್ದು ಎಷ್ಟೋ ವರ್ಷದ ಮೇಲೆ. ಆದರೂ ಡಿಫರೆನ್ಷಿಯಲ್ ಎಂದರೆ ನನ್ನ ಕಣ್ಣಿಗೆ ಬರುವುದು ಆ ಕಣವೇ.

ಅಜ್ಜಿಗೆ ಜೀಪಿನ ಯಾವ ಭಾಗದ ಹೆಸರೂ ಗೊತ್ತಿರಲಿಲ್ಲ. ಆದರೆ ಸಂಜೆ ಹೊತ್ತು ಅಡುಗೆಮನೆಯಲ್ಲಿ ಚಿಮಣಿಯ ಗಾಜು ಒರೆಸುತ್ತಾ ಕೂತವರು ಜೀಪು ಹಳ್ಳ ಇಳಿಯಿತು, ಏರು ಹಿಡಿಯಿತು ಎಂದು ಹೇಳಿಬಿಡುತ್ತಿದ್ದರು. ಹೌಸಿಂಗ್ ಹೋದ ವರ್ಷ ಬೇಸಗೆಯಿಂದಲೇ ಅವರು ‘ಜೀಪು ಕುಂಯ್ ಅಂತ ಅಳ್ತದೆ, ಏರು ಹತ್ತುವಾಗ ಮಾತ್ರ. ಇಳಿಯುವಾಗ ಸುಮ್ಮನಿರ್ತದೆ’ ಎನ್ನುತ್ತಿದ್ದರು. ಚಿಕ್ಕಪ್ಪ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದೆ ರಿಪೇರಿಗೆ ಮೆಕ್ಯಾನಿಕ್ ಕಾಕ ಬಂದು ಮೊದಲು ಕೇಳಿದ ಪ್ರಶ್ನೆಯೇ ಅದು: ‘ಎಳೆಯುವಾಗ ಕೂಗ್ತಿತ್ತಾ, ಕಾಲು ಬಿಟ್ಟಾಗ ಕೂಗ್ತಿತ್ತಾ?’ ಉತ್ತರ ಗೊತ್ತಿದ್ದದ್ದು ಅಜ್ಜಿಗೊಬ್ಬರಿಗೇ.

1981ರ ಪುನರ್ವಸು ಮಳೆ. ನಾನು ಆಗ ಹೈಸ್ಕೂಲು. ಕಳಸದಿಂದ ಪಡಿ ಅಕ್ಕಿಯ ಮೂಟೆ ಹೇರಿಕೊಂಡು ಬರುತ್ತಿದ್ದ ಜೀಪಿನಲ್ಲಿ ಮೂಟೆಗಳ ಮೇಲೆಯೇ ಕೂತಿದ್ದೆ. ಮಳೆಗಾಲಕ್ಕೆಂದು ಹಿಂದಿನ ಗಾಲಿಗಳಿಗೆ ಸರಪಳಿ ಕಟ್ಟಿದ್ದರು. ಹಳ್ಳದಲ್ಲಿ ನೀರು ಗಾಲಿಯ ಅರ್ಧಕ್ಕಿತ್ತು, ದಾಟಿದೆವು. ಏರಿನ ಮೊದಲ ತಿರುವಿನಲ್ಲೇ ಬಲಗಡೆಯ ಹಿಂದಿನ ಗಾಲಿ ಕೊರಕಲಿಗೆ ಇಳಿದು ಸುಮ್ಮನೆ ಸುತ್ತತೊಡಗಿತು. ಚಿಕ್ಕಪ್ಪ ಆಕ್ಸಿಲರೇಟರ್ ಒತ್ತಿಯೇ ಇದ್ದರು. ಕೆಸರು ನಮ್ಮ ತಲೆಯ ಮೇಲೆ ಹಾರುತ್ತಿತ್ತು. ಅಷ್ಟರಲ್ಲಿ ಸರಪಳಿ ಯಾವುದೋ ಬಂಡೆಗೆ ಕಚ್ಚಿಕೊಂಡಿತು. ಜೋರಾಗಿ ಸುತ್ತುತ್ತಿದ್ದ ಗಾಲಿ ತಟ್ಟನೆ ನಿಂತಿತು, ಸೀಟಿನ ಅಡಿಯಿಂದ ‘ಟಕ್’ ಎಂದು ಒಂದೇ ಸದ್ದು ಬಂತು. ಆಮೇಲೆ ಎಂಜಿನ್ ಎಷ್ಟು ಕೂಗಿದರೂ ಜೀಪು ಮುಂದೆ ಹೋಗಲಿಲ್ಲ, ಕೆಳಗೆ ಕರಕರ ಎಂದು ಅರೆಯುವ ಶಬ್ದ ಮಾತ್ರ. ನಾನು ಕೆಳಗೆ ಹಾರಿ ಗಾಲಿಗೆ ಕಲ್ಲು ಕೊಟ್ಟೆ. ಆ ಕಲ್ಲು ಕೊಡುವ ಕೆಲಸದ ಬಗ್ಗೆ ನನಗೆ ಆಗ ಬಹಳ ಹೆಮ್ಮೆಯಿತ್ತು, ಶಾಲೆಯಲ್ಲೂ ಹೇಳಿಕೊಂಡು ತಿರುಗಿದ್ದೆ.

ತೋಟದ ಲೈನುಮನೆಗಳ ಆಳುಗಳು ಕಂಬಳಿ ಕೊಪ್ಪೆ ಹಾಕಿಕೊಂಡು, ಲಾಟೀನು ಹಿಡಿದು ಇಳಿದು ಬಂದರು. ಮೂಟೆಗಳು ತಲೆಯ ಮೇಲೆ ಮನೆ ಸೇರಿದವು. ಒಂದು ಮೂಟೆ ಪೂರ್ತಿ ನೆನೆದುಹೋಗಿತ್ತು. ಅಮ್ಮ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಹರವಿಸಿ, ಅರೆಬರೆ ಆರಿದ ಮೇಲೆ ಬೀಸುಕಲ್ಲಿಗೆ ಹಾಕಿಸಿದರು. ಆ ಅಕ್ಕಿ ಮುಗಿಯುವವರೆಗೂ ನಮ್ಮ ಮನೆಯಲ್ಲಿ ಬೆಳಿಗ್ಗೆ ಕಡುಬು, ರಾತ್ರಿ ಅಕ್ಕಿರೊಟ್ಟಿ. ಎರಡಕ್ಕೂ ಹೊಗೆಯ ವಾಸನೆ.

ಕಾಕನ ಗ್ಯಾರೇಜು ಕಳಸದ ಬಸ್ ನಿಲ್ಲುವ ಜಾಗದ ಹತ್ತಿರ ಇತ್ತು. ಮಂಗಳೂರಿನ ವರ್ಕ್‌ಶಾಪಿನಲ್ಲಿ ಕೆಲಸ ಕಲಿತವರು. ಊರಿಗೆಲ್ಲ ಅವರು ಕಾಕ, ನನಗೂ ಕಾಕ. ಮರುದಿನ ಗೋಣಿಚೀಲದಲ್ಲಿ ಸ್ಪ್ಯಾನರುಗಳನ್ನು ತುಂಬಿಕೊಂಡು, ಇಂಬಳ ಹತ್ತದಿರಲೆಂದು ಕಾಲಿಗೆ ಹೊಗೆಸೊಪ್ಪಿನ ನೀರು ಬಳಿದುಕೊಂಡು ನಡೆದೇ ಬಂದರು. ಏರಿನಲ್ಲಿ ನಿಂತಿದ್ದ ಜೀಪಿನ ಮೇಲೆ ಟಾರ್ಪಾಲು ಎಳೆದು ಅಡಿಗೆ ಮಲಗಿ, ಹೌಸಿಂಗಿನ ಹಿಂದಿನ ಮುಚ್ಚಳದ ಬೋಲ್ಟುಗಳನ್ನು ಬಿಚ್ಚಿದರು. ಮುಚ್ಚಳ ಸಡಿಲಾದ ಕೂಡಲೇ ಗೇರ್ ಆಯಿಲಿನ ಗಂಧಕದ ವಾಸನೆ ಗಪ್ಪೆಂದು ಹೊಡೆಯಿತು. ಮೂಗು ಮುಚ್ಚಿಕೊಳ್ಳಬೇಕಾದ ವಾಸನೆ. ಎಣ್ಣೆ ಕಪ್ಪಗಿರಬೇಕಿತ್ತು, ಬಿಳಿಚಿಕೊಂಡು ನೊರೆಗಟ್ಟಿತ್ತು. ‘ಗೌಡ್ರೇ, ಇದು ನೀರು ಕುಡಿದಿದೆ’ ಎಂದರು ಕಾಕ.

ಅವರು ವಿವರಿಸಿದ್ದನ್ನು ನಾನು ಮರೆತಿಲ್ಲ. ಓಡಿ ಬಂದ ಜೀಪಿನ ಹೌಸಿಂಗ್ ಬಿಸಿಯಾಗಿರುತ್ತದೆ. ಒಳಗಿನ ಗಾಳಿಯೂ ಬಿಸಿ. ಅದೇ ಬಿಸಿಯಲ್ಲಿ ತಣ್ಣನೆಯ ಹಳ್ಳಕ್ಕೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಒಳಕ್ಕೆ ಎಳೆಯುತ್ತದೆ. ಉಸಿರಾಡಲೆಂದು ಹೌಸಿಂಗಿನ ಮೇಲೆ ಸಣ್ಣ ಬ್ರೀದರ್ ಇರುತ್ತದೆ. ನಮ್ಮ ಜೀಪಿನದು ಕೆಸರು ಮೆತ್ತಿ ಮುಚ್ಚಿಹೋಗಿತ್ತು. ಹಾಗಾಗಿ ಸವೆದ ಆಯಿಲ್ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಂಡಿತ್ತು. ನೀರು ಬೆರೆತ ಎಣ್ಣೆ ಗೇರಿನ ಹಲ್ಲುಗಳ ನಡುವೆ ನಿಲ್ಲುವುದಿಲ್ಲ, ಬೇರಿಂಗ್ ತುಕ್ಕು ಹಿಡಿಯುತ್ತದೆ, ಪಿನಿಯನ್ ಎಂಬ ಚಿಕ್ಕ ಗೇರು ಅಲುಗಾಡತೊಡಗುತ್ತದೆ. ಅಜ್ಜಿ ಕೇಳಿದ್ದು ಆ ಅಲುಗಾಟವನ್ನು. ಬಂಡೆಗೆ ಕಚ್ಚಿದ ಸರಪಳಿ ಕೊನೆಯ ಪೆಟ್ಟು ಕೊಟ್ಟಿತು, ಅಷ್ಟೆ.

ಮುರಿದ ಹಲ್ಲುಗಳನ್ನು ಕಾಕ ಒಂದೊಂದಾಗಿ ಹೆಕ್ಕಿ ತಂಬಿಗೆಗೆ ಹಾಕುತ್ತಾ ಬಂದರು. ಚೂರೊಂದು ಒಳಗೆ ಉಳಿದರೂ ಗಾಲಿ ಸಿಕ್ಕಿಕೊಳ್ಳುತ್ತದೆ ಎಂದು ಬೆರಳು ಹಾಕಿ ತಡವಿ ನೋಡಿದರು. ಆಮೇಲೆ ಹಿಂದಿನ ಪ್ರಾಪೆಲರ್ ಶಾಫ್ಟನ್ನು ಬಿಚ್ಚಿ ಮೂಟೆ ಇಟ್ಟಿದ್ದ ಜಾಗಕ್ಕೆ ಎಸೆದರು. ಈಗ ಎಂಜಿನ್ನಿನ ಶಕ್ತಿ ಹಿಂದಿನ ಗಾಲಿಗೆ ಹೋಗುವುದಿಲ್ಲ. ಫೋರ್‌ವೀಲ್ ಹಾಕಿದರೆ ಮುಂದಿನ ಗಾಲಿಗಳೇ ಜೀಪನ್ನು ಎಳೆಯಬೇಕು. ಸಮತಟ್ಟಿನಲ್ಲಿ ಎಳೆಯಿತು. ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ಬಿದ್ದು ಮುಂದಿನ ಗಾಲಿಗಳು ನೆಲ ಕಚ್ಚದೆ ಸುತ್ತಿದವು. ಕಾಕ ಜೀಪನ್ನು ತಿರುಗಿಸಿ ನಿಲ್ಲಿಸಿ, ರಿವರ್ಸಿನಲ್ಲಿ ಏರು ಹತ್ತಿಸಿದರು. ಈಗ ಮುಂಭಾಗ ಇಳಿಜಾರಿನ ಕಡೆಗಿತ್ತು, ಭಾರ ಎಳೆಯುವ ಗಾಲಿಗಳ ಮೇಲೆಯೇ ಬಿತ್ತು. ಚಿಕ್ಕಪ್ಪ ಪಕ್ಕದಲ್ಲಿ ಓಡುತ್ತಾ ‘ಎಡಕ್ಕೆ, ಎಡಕ್ಕೆ ಮಾರಾಯ್ರೇ’ ಎಂದು ಕೂಗುತ್ತಿದ್ದರು. ನಾನು ಕಲ್ಲು ಹಿಡಿದು ಹಿಂದೆ. ಆ ಜೀಪಿನ ಹ್ಯಾಂಡ್‌ಬ್ರೇಕ್ ಗಾಲಿಯಲ್ಲಿರಲಿಲ್ಲ, ಶಕ್ತಿಯನ್ನು ಮುಂದಿನ ಹಿಂದಿನ ಗಾಲಿಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ, ಪ್ರಾಪೆಲರ್ ಶಾಫ್ಟ್ ಕೂರುವ ಕಡೆ ಇತ್ತು. ಶಾಫ್ಟ್ ಬಿಚ್ಚಿದ ಮೇಲೆ ಅದು ಹಿಂದಿನ ಗಾಲಿ ಹಿಡಿಯುವ ಮಾತೇ ಇಲ್ಲ. ಆದ್ದರಿಂದ ಕಲ್ಲಿಗೆ ನಿಜವಾಗಿಯೂ ಬೆಲೆಯಿತ್ತು.

ರಿಪೇರಿ ನಡೆದದ್ದು ನಮ್ಮ ಕೊಟ್ಟಿಗೆಯ ಪಕ್ಕದ ಸೋಗೆ ಮಾಡಿನಲ್ಲಿ. ಹಬ್ ಎಳೆಯಲು ಪುಲ್ಲರ್ ಹಾಕಿ ಸುತ್ತಿಗೆಯಿಂದ ಹೊಡೆದಾಗಲೆಲ್ಲ ದನಗಳು ಬೆಚ್ಚಿ ಕಣ್ಣಿ ಜಗ್ಗುತ್ತಿದ್ದವು. ಕಾಕ ಬಿಚ್ಚಿದ್ದನ್ನೆಲ್ಲ ಬಿಚ್ಚಿದ ಸಾಲಿನಲ್ಲೇ ಇಡುವವರು. ಅದಕ್ಕೆ ಅಗಲವಾದ ಪಾತ್ರೆ ಬೇಕಾಯಿತು. ನಾನು ಅಡುಗೆಮನೆಯ ನಾಗಂದಿಗೆಯಿಂದ ಅಜ್ಜಿಯ ಹಿತ್ತಾಳೆ ಹರಿವಾಣವನ್ನು ತಂದುಕೊಟ್ಟೆ. ಬೇರಿಂಗ್ ತೊಳೆಯಲು ಸೀಮೆಎಣ್ಣೆಗೆ ಮರಿಗೆ, ಆಕ್ಸಲ್ ಮೀಟಲು ಒನಕೆ. ಮಧ್ಯಾಹ್ನ ಅಜ್ಜಿ ಬಂದು ನೋಡಿ ಏನೂ ಹೇಳದೆ ಒಳಗೆ ಹೋದರು. ಆ ಹರಿವಾಣ ಮತ್ತೆ ಅಡುಗೆಮನೆಗೆ ಹೋಗಲಿಲ್ಲ. ಹುಣಸೆಹಣ್ಣು ಹಾಕಿ ಎಷ್ಟು ತಿಕ್ಕಿದರೂ ಗಂಧಕದ ವಾಸನೆ ಬಿಡಲಿಲ್ಲ. ಕೋಳಿಗಳಿಗೆ ನುಚ್ಚು ಹಾಕುವುದಕ್ಕಾಯಿತು.

ಹಲ್ಲು ಎಣಿಸುವ ಕೆಲಸ ಕಾಕ ನನಗೆ ವಹಿಸಿದರು. ‘ಮುರಿದದ್ದನ್ನೂ ಸೇರಿಸಿ ಎಣಿಸು ಮಗಳೇ, ಒಂದು ಹೆಚ್ಚುಕಮ್ಮಿ ಆದ್ರೂ ಬೆಂಗಳೂರಿಗೆ ಹೋದದ್ದು ದಂಡ.’ ಎಲ್ಲಿಂದ ಶುರುಮಾಡಿದೆ ಎಂಬುದಕ್ಕೆ ಸುಣ್ಣದ ಬೊಟ್ಟಿಟ್ಟು ಎಣಿಸಿದೆ. ಪಿನಿಯನ್ ತಿರುಗಿಸುವ ದೊಡ್ಡ ಗೇರು ಕ್ರೌನ್ ವೀಲಿನಲ್ಲಿ 43, ಪಿನಿಯನ್‌ನಲ್ಲಿ 8. ಅಂದರೆ ಗಾಲಿ ಒಂದು ಸುತ್ತು ಬರಲು ಶಾಫ್ಟ್ ಐದು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗಬೇಕು. ಮುಂದಿನ ಹೌಸಿಂಗಿನಲ್ಲೂ ಇದೇ ಲೆಕ್ಕ ಇರಬೇಕು, ಇಲ್ಲವಾದರೆ ಫೋರ್‌ವೀಲ್ ಹಾಕಿದಾಗ ಮುಂದಿನ ಗಾಲಿ ಹಿಂದಿನ ಗಾಲಿ ಒಂದನ್ನೊಂದು ಜಗ್ಗಾಡುತ್ತವೆ. ಆ ವರ್ಷ ನಮಗೆ ಶಾಲೆಯಲ್ಲಿ ಅವಿಭಾಜ್ಯ ಸಂಖ್ಯೆ ಹೇಳಿಕೊಡುತ್ತಿದ್ದರು. 43 ಮತ್ತು 8ಕ್ಕೆ ಒಂದನ್ನು ಬಿಟ್ಟು ಸಾಮಾನ್ಯ ಅಪವರ್ತನವೇ ಇಲ್ಲ. ಹಾಗಾಗಿ ಪಿನಿಯನ್ನಿನ ಪ್ರತಿ ಹಲ್ಲೂ ಕ್ರೌನ್ ವೀಲಿನ ಪ್ರತಿ ಹಲ್ಲನ್ನೂ ಮುಟ್ಟಿಯೇ ಮುಟ್ಟುತ್ತದೆ, ಸವೆತ ಎಲ್ಲಕ್ಕೂ ಸಮನಾಗಿ ಹಂಚಿಹೋಗುತ್ತದೆ. ಆದರೆ ಒಂದು ಹಲ್ಲು ಮುಕ್ಕಾದರೆ ಅದು ಎದುರಿನ ಅಷ್ಟೂ ಹಲ್ಲುಗಳನ್ನು ಕೆಡಿಸುತ್ತಾ ಹೋಗುತ್ತದೆ. ಲೆಕ್ಕದ ಪಾಠ ಕಬ್ಬಿಣದಲ್ಲಿ ಕೊರೆದದ್ದನ್ನು ನಾನು ಕಂಡದ್ದು ಅದೇ ಮೊದಲು. ನೋಟ್ ಬುಕ್ಕಿನ ಹಿಂದಿನ ಹಾಳೆಯಲ್ಲಿ ಸುತ್ತುಗಳನ್ನು ಬರೆಯುತ್ತಾ ಕೂತು ಊಟಕ್ಕೆ ಕರೆದದ್ದೂ ಕೇಳಿಸಿರಲಿಲ್ಲ.

ಚಿಕ್ಕಪ್ಪ ಮುರಿದ ಪಿನಿಯನ್ನನ್ನು ಹಳೆ ಪಂಚೆಯಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟರು. ಶಿವಾಜಿನಗರದ ಗುಜರಿಯಲ್ಲಿ ಹಳೆಯ ಜೋಡಿ 300 ರೂಪಾಯಿಗೆ ಸಿಕ್ಕುತ್ತಿತ್ತು. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಹೊಸದಕ್ಕೆ 900. ಕ್ರೌನ್ ವೀಲು, ಪಿನಿಯನ್ನು ಎರಡನ್ನೂ ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿ ಹೊಂದಿಸಿರುತ್ತಾರೆ, ಎರಡರ ಮೇಲೂ ಒಂದೇ ನಂಬರು ಕೊರೆದಿರುತ್ತಾರೆ. ಒಂದರದನ್ನು ಇನ್ನೊಂದಕ್ಕೆ ಸೇರಿಸಿದರೆ ಹೊಸದಾಗಿದ್ದರೂ ಕೂಗುತ್ತದೆ, ಬೇಗ ಮುರಿಯುತ್ತದೆ. ಗುಜರಿಯ ಜೋಡಿಯಲ್ಲಿ ನಂಬರು ಹೊಂದಲಿಲ್ಲವಂತೆ. 900 ಕೊಟ್ಟು ಹೊಸದನ್ನೇ ತಂದರು, ಬೇರಿಂಗು ಸೀಲುಗಳಿಗೆ ಬೇರೆ ಇನ್ನೂರು ಚಿಲ್ಲರೆ. ಬಸ್ಸಿನಲ್ಲಿ ಕಂಡಕ್ಟರು ಗೋಣಿ ಎತ್ತಿ ನೋಡಿ ಲಗೇಜು ಹಾಕಿದನಂತೆ. ಚಿಕ್ಕಪ್ಪ ಆ ಲಗೇಜಿನ ಎರಡು ರೂಪಾಯಿಯ ವಿಚಾರವನ್ನು 900 ರೂಪಾಯಿಗಿಂತ ಹೆಚ್ಚು ಕಾಲ ನೆನಪಿಟ್ಟುಕೊಂಡಿದ್ದರು.

ಅವರು ವಾಪಸು ಬರುವ ಹೊತ್ತಿಗೆ ಪುಷ್ಯ ಮಳೆ ಹಿಡಿದಿತ್ತು. ಜೋಡಿಸುವ ಕೆಲಸ ಬಿಚ್ಚುವ ಕೆಲಸಕ್ಕಿಂತ ಎಷ್ಟೋ ನಿಧಾನ. ಹಲ್ಲಿಗೆ ಹಲ್ಲು ಎಲ್ಲಿ ಮುಟ್ಟುತ್ತದೆ ಎಂದು ನೋಡಲು ಕಾಕ ಕಬ್ಬಿಣಕ್ಕೆ ಬಳಿಯುವ ರೆಡ್ ಲೆಡ್ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಕ್ರೌನ್ ವೀಲಿಗೆ ಹಚ್ಚಿ ತಿರುಗಿಸುತ್ತಿದ್ದರು. ಗುರುತು ಹಲ್ಲಿನ ತುದಿಗೆ ಬಿದ್ದರೆ ಪಿನಿಯನ್ ದೂರವಾಯಿತು, ಬುಡಕ್ಕೆ ಬಿದ್ದರೆ ಹತ್ತಿರವಾಯಿತು. ನಡುವೆ ಬೀಳುವವರೆಗೂ ತೆಳು ತಗಡಿನ ಶಿಮ್ಮು ತೆಗೆದು ಶಿಮ್ಮು ಹಾಕಿ, ಮತ್ತೆ ಬಿಚ್ಚಿ, ಮತ್ತೆ ಜೋಡಿಸಿ. ಎರಡು ಹಲ್ಲುಗಳ ನಡುವೆ ಬಿಡಬೇಕಾದ ಸಡಿಲು ಇಂಚಿನ ಸಾವಿರ ಪಾಲಿನಲ್ಲಿ ಕೆಲವೇ ಪಾಲು. ಅದನ್ನು ಅಳೆಯುವ ಗೇಜು ಅವರಲ್ಲಿ ಇರಲಿಲ್ಲ. ಕ್ರೌನ್ ವೀಲನ್ನು ಎರಡು ಬೆರಳಿನಲ್ಲಿ ಹಿಡಿದು, ಕಣ್ಣು ಮುಚ್ಚಿ, ಹಿಂದೆ ಮುಂದೆ ಅಲುಗಿಸಿ ನೋಡುತ್ತಿದ್ದರು. ಲಾಟೀನು ಹಿಡಿದಿದ್ದ ನನಗೂ ಅಲುಗಿಸಿ ನೋಡಲು ಹೇಳಿದರು. ಮೊದಲು ಏನೂ ಗೊತ್ತಾಗಲಿಲ್ಲ, ಆಮೇಲೆ ತೀರ ಸಣ್ಣ ‘ಟಿಕ್’ ಒಂದು ಬೆರಳಿಗೆ ತಿಳಿಯಿತು. ‘ಅದೇ. ಅದಕ್ಕಿಂತ ಜಾಸ್ತಿಯೂ ಬೇಡ, ಕಮ್ಮಿಯೂ ಬೇಡ’ ಎಂದರು. ಮುಚ್ಚಳದ ಪ್ಯಾಕಿಂಗಿಗೆ ಗೋಡೆಯ ಮೇಲಿದ್ದ ಹಳೆ ಕ್ಯಾಲೆಂಡರಿನ ರಟ್ಟನ್ನು ಕತ್ತರಿಸಿ ಗ್ರೀಸ್ ಹಚ್ಚಿ ಕೂರಿಸಿದರು. ಕೂಲಿ 75 ರೂಪಾಯಿ, ಜೊತೆಗೆ ಅಮ್ಮ ಕೊಟ್ಟ ಒಂದು ಗೊನೆ ಬಾಳೆಕಾಯಿ.

ಹಳೆ ಕ್ರೌನ್ ವೀಲು ವ್ಯರ್ಥವಾಗಲಿಲ್ಲ. ಲೈನಿನ ಮುಂದೆ ಹಲಸಿನ ಮರಕ್ಕೆ ತಂತಿಯಲ್ಲಿ ನೇತುಹಾಕಿದರು. ಬೆಳಿಗ್ಗೆ ಹಾಜರಿಗೆ ಮೇಸ್ತ್ರಿ ಅದಕ್ಕೆ ಕಬ್ಬಿಣದ ಸರಳಿನಿಂದ ಹೊಡೆಯುತ್ತಿದ್ದ, ಆಚೆ ಗುಡ್ಡದವರೆಗೂ ಕೇಳುತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ತಮ್ಮ ಅದನ್ನು ಕೆ.ಜಿ. ಲೆಕ್ಕದಲ್ಲಿ ಗುಜರಿಯವನಿಗೆ ಕೊಟ್ಟ. ಆಗ ಲೈನಿನಲ್ಲಿ ಆಳುಗಳೇ ಕಮ್ಮಿಯಾಗಿದ್ದರು, ಗಂಟೆ ಯಾರಿಗೂ ಬೇಕಿರಲಿಲ್ಲ.

ಎಲ್ಲರೂ ಕಾಕನ ಹಾಗೆ ಇರಲಿಲ್ಲ ಎಂಬುದನ್ನೂ ಹೇಳಬೇಕು. ಕೂಗುವ ಹೌಸಿಂಗಿನೊಳಗೆ ಮರದ ಹೊಟ್ಟು, ಬಾಳೆಹಣ್ಣಿನ ಸಿಪ್ಪೆ ತುಂಬಿ ಸದ್ದಡಗಿಸಿ ಜೀಪು ಮಾರಿದವರಿದ್ದರು. ಹೊಟ್ಟು ಅರೆದು ಪುಡಿಯಾಗುವವರೆಗೆ ಸದ್ದಿಲ್ಲ, ಆಮೇಲೆ ಹೌಸಿಂಗೂ ಇಲ್ಲ. ನೆರೆಯ ತೋಟದವರೊಬ್ಬರು ಒಂದು ಗಾಲಿ ಸುತ್ತುವ ಕಾಟವೇ ಬೇಡವೆಂದು ಡಿಫರೆನ್ಷಿಯಲ್ಲಿನ ಒಳಗಿನ ಸ್ಟಾರ್ ಪಿನಿಯನ್‌ಗಳಿಗೇ ವೆಲ್ಡಿಂಗ್ ಮಾಡಿಸಿದ್ದರು. ಎರಡೂ ಗಾಲಿ ಒಂದೇ ಸಮ ತಿರುಗತೊಡಗಿದವು. ಕೆಸರಿನಲ್ಲಿ ಆ ಜೀಪನ್ನು ಹಿಡಿಯುವವರಿಲ್ಲ. ಡಾಂಬರಿಗೆ ಬಂದರೆ ತಿರುವಿನಲ್ಲೆಲ್ಲ ಟೈರು ಕೀಚಲು ಕೂಗುತ್ತಿತ್ತು, ಕೊನೆಗೆ ಕೊಟ್ಟಿಗೆಹಾರದ ಹತ್ತಿರ ಆಕ್ಸಲ್ಲೇ ತುಂಡಾಯಿತು. ಪೆಟ್ರೋಲು ಕೈಗೆಟುಕದಾದಾಗ ಬಹಳ ಜನ ಹಳೆ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದರು, ನಾವೂ ಕೂರಿಸಿದೆವು. ಖರ್ಚು ಅರ್ಧಕ್ಕಿಳಿಯಿತು. ಆದರೆ ಡೀಸೆಲ್ ಎಂಜಿನ್ ಕೆಳ ವೇಗದಲ್ಲಿ ಎಳೆಯುವ ರಭಸವೇ ಬೇರೆ, ಅದನ್ನು ತಡೆಯಬೇಕಾದದ್ದು ಅದೇ ಹಳೆಯ ಹಲ್ಲುಗಳು. ನಮ್ಮ ಸುತ್ತಮುತ್ತ ಹೌಸಿಂಗ್ ಹೋಗುವುದು ಆಗ ಹೆಚ್ಚಾಯಿತು.

ಈಗ ತೋಟ ನೋಡಿಕೊಳ್ಳುತ್ತಿರುವುದು ತಮ್ಮನ ಮಗ. ಅವನಲ್ಲಿ 2020ರಲ್ಲಿ ಬಂದ ಹೊಸ ಥಾರ್ ಇದೆ. ಹಳ್ಳಕ್ಕೆ ಸೇತುವೆಯಾಗಿದೆ, ಏರಿಗೆ ಕಾಂಕ್ರೀಟು ಬಿದ್ದಿದೆ. ಆದರೂ ಅವನು ತೋಟದ ಹಿಂದಿನ ಗುಡ್ಡಕ್ಕೆ ನನ್ನನ್ನು ಕೂರಿಸಿಕೊಂಡು ಹೋದ. ಒಂದು ಗಾಲಿ ಗುಂಡಿಗಿಳಿದು ಸುತ್ತಿತು, ಮರುಕ್ಷಣ ಅಡಿಯಿಂದ ‘ಟಕ್’ ಎಂದಿತು. ನಾನು ಬಾಗಿಲಿನ ಹಿಡಿ ಹಿಡಿದುಕೊಂಡು ‘ಹೋಯ್ತು ಮಾರಾಯ, ನಿಲ್ಲಿಸು’ ಎಂದೆ. ‘ಎಂತದೂ ಹೋಗ್ಲಿಲ್ಲ ಅತ್ತೆ, ಲಾಕ್ ಆಯ್ತು’ ಎಂದ. ನಿಜವಾಗಿಯೂ ಜೀಪು ಆರಾಮಾಗಿ ಮೇಲೆ ಹೋಯಿತು. ಅದರ ಹಿಂದಿನ ಡಿಫರೆನ್ಷಿಯಲ್ಲಿನಲ್ಲಿ ಯಂತ್ರವೇ ನೋಡಿಕೊಳ್ಳುವ ಲಾಕ್ ಇದೆ. ಒಂದು ಗಾಲಿ ಇನ್ನೊಂದಕ್ಕಿಂತ ನಿಮಿಷಕ್ಕೆ ಸುಮಾರು 100 ಸುತ್ತು ಹೆಚ್ಚು ತಿರುಗಿದರೆ ಎರಡನ್ನೂ ಬಿಗಿದು ಒಂದು ಮಾಡುತ್ತದೆ. ವೇಗ ಹೆಚ್ಚಿದರೆ ಲಾಕ್ ಆಗುವುದೇ ಇಲ್ಲ, ಹಾಗಾಗಿ ಡಾಂಬರಿನಲ್ಲಿ ಟೈರೂ ಕೂಗುವುದಿಲ್ಲ. ನೆರೆಯವರು ವೆಲ್ಡಿಂಗ್ ಮಾಡಿಸಿ ಪಡೆಯಲು ಹೋದದ್ದನ್ನು ಇದು ಆಕ್ಸಲ್ ಮುರಿಯದೆ ಕೊಡುತ್ತದೆ. ಇದು ಹಳೆಯದಕ್ಕಿಂತ ಒಳ್ಳೆಯದು, ಅನುಮಾನವೇ ಇಲ್ಲ.

ಸೋದರಳಿಯನಿಗೆ ನಾನು ಎತ್ತು, ಮೇಟಿ, ಕಣದ ಲೆಕ್ಕದಲ್ಲಿ ಡಿಫರೆನ್ಷಿಯಲ್ ವಿವರಿಸಲು ಹೋದೆ. ಅವನು ಬತ್ತ ತುಳಿಸುವುದನ್ನು ನೋಡಿಲ್ಲ. ನಮ್ಮ ಗದ್ದೆಗಳು ಅಡಕೆ ತೋಟವಾಗಿ ಬಹಳ ಕಾಲವಾಯಿತು, ಕಣವಿದ್ದ ಜಾಗದಲ್ಲಿ ಕಾಫಿ ಒಣಗಿಸುವ ಸಿಮೆಂಟಿನ ಅಂಗಳವಿದೆ. ಅವನು ಮೊಬೈಲಿನಲ್ಲಿ ಒಂದು ವಿಡಿಯೋ ತೆಗೆದು ತೋರಿಸಿದ. ಹಲ್ಲುಗಳು ಬಣ್ಣಬಣ್ಣದಲ್ಲಿ ತಿರುಗುತ್ತಿದ್ದವು, ಚೆನ್ನಾಗಿ ಅರ್ಥವಾಗುವ ಹಾಗಿತ್ತು.

ಹೋದ ಮಳೆಗಾಲದಲ್ಲಿ ಹತ್ತಿರದ ಹೋಂಸ್ಟೇಗೆ ಬಂದಿದ್ದ ಬೆಂಗಳೂರಿನ ಹುಡುಗರ ಗಾಡಿಯ ಹಿಂದಿನ ಡಿಫರೆನ್ಷಿಯಲ್ ಮುರಿಯಿತು. ಹಳ್ಳದಲ್ಲಿ ಇಳಿಸಿ ಹತ್ತಿಸಿ ವಿಡಿಯೋ ಮಾಡಿಕೊಂಡಿದ್ದರು. ಚಿಕ್ಕಮಗಳೂರಿನಿಂದ ಎಳೆದೊಯ್ಯುವ ಲಾರಿ ಬಂತು, ಗಾಡಿ ಅದರ ಮೇಲೇರಿ ಹೋಯಿತು. ವರ್ಕ್‌ಶಾಪಿನವರು ಬಿಚ್ಚಿ ಹಲ್ಲು ಎಣಿಸಲಿಲ್ಲ, ಪೂರ್ತಿ ಘಟಕವನ್ನೇ ಬದಲಿಸಬೇಕು ಎಂದರಂತೆ. ಬಿಲ್ಲು ಲಕ್ಷದ ಹತ್ತಿರ. ವಿಮೆ ಇದೆಯಲ್ಲ ಎಂದು ಹುಡುಗರು ಧೈರ್ಯವಾಗಿದ್ದರು, ಆದರೆ ಸಾಮಾನ್ಯ ವಾಹನ ವಿಮೆ ಅಪಘಾತಕ್ಕೆ ಕೊಡುತ್ತದೆ, ಯಂತ್ರ ತಾನಾಗಿ ಕೆಟ್ಟದ್ದಕ್ಕೆ ಕೊಡುವುದಿಲ್ಲ. ಅವರ ಬಗ್ಗೆ ನನಗೆ ಮರುಕವೇ ಬಂತು. ಶಾಫ್ಟ್ ಬಿಚ್ಚಿ ಮುಂದಿನ ಗಾಲಿಯಲ್ಲಿ ಮನೆ ಸೇರಬಹುದು ಎಂದು ಅವರಿಗೆ ಹೇಳುವವರು ಯಾರೂ ಇರಲಿಲ್ಲ. ಇದ್ದರೂ ಈಗಿನ ಗಾಡಿಗಳಲ್ಲಿ ಗಾಲಿಗಾಲಿಗೂ ಸೆನ್ಸರುಗಳಿವೆ, ಒಂದು ಭಾಗ ಬಿಚ್ಚಿಟ್ಟರೆ ಮಿಕ್ಕವು ಹೇಗೆ ನಡೆದುಕೊಳ್ಳುತ್ತವೆ ಎಂದು ತಿಳಿದವರೇ ಕೈ ಹಾಕಬೇಕು.

ಹಳೆಯ ವಿದ್ಯೆ ಪೂರ್ತಿ ಹೋಗಿಲ್ಲ. ಕೊಡಚಾದ್ರಿಗೆ ಬಾಡಿಗೆ ಜೀಪು ಓಡಿಸುವವರನ್ನು ನೋಡಿ. ಆ ಕಲ್ಲು ಕೊರಕಲಿನ ದಾರಿಯಲ್ಲಿ ಇವತ್ತಿಗೂ ಹಳೆಯ ಮಾದರಿಯ ಜೀಪುಗಳೇ ದಿನವೂ ಹತ್ತಿ ಇಳಿಯುತ್ತವೆ. ಅಲ್ಲಿಗೆ ಹೋದಾಗ ನಾನು ಡ್ರೈವರ್ ಪಕ್ಕ ಕೂತು ಅವನ ಕಾಲನ್ನೇ ನೋಡುತ್ತಿದ್ದೆ. ಗಾಲಿ ಸುತ್ತತೊಡಗಿದ ಕೂಡಲೇ ಆ ಹುಡುಗ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಿದ್ದ, ಗಾಲಿ ನಿಂತ ಮೇಲೆ ಮೆಲ್ಲಗೆ ಮತ್ತೆ ಒತ್ತುತ್ತಿದ್ದ. ಸುತ್ತುವ ಗಾಲಿ ಹಠಾತ್ತನೆ ನೆಲ ಕಚ್ಚಿದಾಗಲೇ ಹಲ್ಲು ಮುರಿಯುವುದು ಎಂದು ಅವನಿಗೆ ಯಾರೂ ಪಾಠ ಮಾಡಿರಲಾರರು, ರಿಪೇರಿಯ ದುಡ್ಡು ಸ್ವಂತ ಜೇಬಿನಿಂದ ಹೋಗುವಾಗ ಕಾಲು ತಾನಾಗಿ ಕಲಿಯುತ್ತದೆ.

ಕಾಕ ತೀರಿಕೊಂಡು ವರ್ಷಗಳಾದವು. ಗ್ಯಾರೇಜಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ನಮ್ಮ ಸಿಜೆ-3ಬಿಯನ್ನು ತಮ್ಮ 2004ರಲ್ಲಿ 40,000ಕ್ಕೆ ಮಾರಿದ. ಈಗ ಅಂಥ ಜೀಪಿಗೆ ಬಣ್ಣ ಹೊಡೆಸಿ ಇಟ್ಟುಕೊಳ್ಳುವವರು ಅದರ ಹಲವು ಪಟ್ಟು ಕೊಡುತ್ತಾರಂತೆ. ನನಗೇನೂ ಬೇಸರವಿಲ್ಲ, ಮಳೆಗಾಲದಲ್ಲಿ ಅದನ್ನು ಸಂಭಾಳಿಸುವ ಶಕ್ತಿ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ.

ನೀವು ಗಾಡಿ ಓಡಿಸುವವರಾದರೆ ಒಂದಿಷ್ಟು ಕೆಲಸ ನಿಮ್ಮದೇ ಎಂದುಕೊಳ್ಳಿ. ಹಳ್ಳ ಎದುರಾದರೆ ಓಡಿ ಬಂದ ಬಿಸಿಯಲ್ಲೇ ಇಳಿಸಬೇಡಿ, ಸ್ವಲ್ಪ ಹೊತ್ತು ನಿಲ್ಲಿಸಿ. ಬ್ರೀದರ್ ಎಲ್ಲಿದೆ ಎಂದು ಮೆಕ್ಯಾನಿಕ್ಕನ್ನು ಕೇಳಿ ತಿಳಿದುಕೊಂಡು ಅದರ ಬಾಯಿ ಶುದ್ಧವಾಗಿಟ್ಟುಕೊಳ್ಳಿ. ಗಾಡಿ ಕೂಗತೊಡಗಿದರೆ ಎಳೆಯುವಾಗಲೋ ಕಾಲು ಬಿಟ್ಟಾಗಲೋ ಎಂದು ಗಮನಿಸಿ ಹೇಳಿ, ರಿಪೇರಿಯವರಿಗೆ ಅರ್ಧ ಕೆಲಸ ಉಳಿಯುತ್ತದೆ. ಆಳದ ನೀರು ದಾಟಿ ಬಂದ ಮೇಲೆ ಡಿಫರೆನ್ಷಿಯಲ್ಲಿನ ಎಣ್ಣೆಯನ್ನು ಒಮ್ಮೆ ತೆಗೆಸಿ ನೋಡಿ. ಬಿಳಿಚಿದ್ದರೆ ಮುಂದಿನ ಸರ್ವಿಸಿನವರೆಗೆ ಕಾಯದೆ ಅವತ್ತೇ ಬದಲಿಸಿ.